ಕತ್ತೆಯ ಕಾಲು

ಮಾರ್ಚ್ 4, ಸೋಮವಾರ. ಸಂಜೆ

ಇವತ್ತೂ ಟ್ಯಾಬ್ ಚಾರ್ಜ್ ಮಾಡಲು ಮರೆತೆ. ನರ್ಸ್‌ಗಳ ಮೇಜಿನ ಪಕ್ಕ ಅರ್ಧ ಗಂಟೆ, ಗೂಟಕ್ಕೆ ಕಟ್ಟಿದ ಕರುವಿನ ಹಾಗೆ ವೈರ್ ಹಿಡಿದು ನಿಂತೆ. ಹಿರಿಯ ಸಿಸ್ಟರ್ ಹೇಳಿದರು, "ನಿಮ್ಮ ಬಾಯಿಗೆ ಕನೆಕ್ಷನ್ ಕೊಡಿ ಸಾರ್, ವಾರ್ಡಿಗೆಲ್ಲ ಕರೆಂಟ್ ಬರತ್ತೆ."

ಆಮೇಲೆ ರೌಂಡ್. ಪರದೆಯ ಮೇಲೆ ಸಾಲಾಗಿ ಮುಖಗಳು, ನಗುವುದರಿಂದ ಅಳುವುದರವರೆಗೆ. ಪಕ್ಕದಲ್ಲಿ ಒಂದು ಮಗುವಿನ ಚಿತ್ರ. ಎಲ್ಲಿ ನೋವು, ಎಷ್ಟು ನೋವು... ಮಗು ಬೆರಳಿಟ್ಟು ತೋರಿಸಬೇಕು. ಡಾಕ್ಟರ್ ಬರುವಷ್ಟರಲ್ಲಿ ಅದು ಹಸಿರು, ಹಳದಿ, ಕೆಂಪು ಬಣ್ಣವಾಗಿ ಅವರ ಫೋನ್ ಸೇರಿರುತ್ತದೆ. ಯಂತ್ರದ ತಪ್ಪೇನಿಲ್ಲ. ನಾನು ಬರುವ ಮುಂಚೆ ಅರ್ಧ ವಾರ್ಡು ನಗುವ ಮುಖವನ್ನೇ ಒತ್ತುತ್ತಿತ್ತಂತೆ — ನೋಡಲು ಅದೇ ಚೆಂದ. ಉಳಿದರ್ಧ ಅಳುವ ಮುಖ — ಒತ್ತಿದರೆ ಕಣ್ಣೀರು ಉದುರುತ್ತದೆ, ಮಜಾ. ಅದಕ್ಕೇ ನನಗೆ ಕರೆ ಬಂದದ್ದು. ಶಾಲೆ ಶಾಲೆಗೆ ಹೋಗಿ ಕಥೆ ಹೇಳುತ್ತಿದ್ದವನಿಗೆ, ಮಕ್ಕಳ ಕ್ಯಾನ್ಸರ್ ವಾರ್ಡಿನಿಂದ.

"ನಿನಗೆ ನೋವಿದೆಯಾ" ಎಂದು ಕೇಳಿದರೆ ಮಕ್ಕಳು ಅಮ್ಮನ ಮುಖ ನೋಡುತ್ತಾರೆ. "ನಿನ್ನ ಆನೆಗೆ ಏನಾಯ್ತು" ಎಂದರೆ ನನ್ನ ಮುಖ ನೋಡುತ್ತಾರೆ. ನನ್ನ ವಿದ್ಯೆ ಅಷ್ಟೇ. ತಲೆಗೊಂದು ಪ್ರಾಣಿ ಹಂಚಿದ್ದೇನೆ. ಪ್ರಾಣಿಯ ಸುದ್ದಿ ಕೇಳಿ ಬಣ್ಣ ನಾನೇ ಒತ್ತುತ್ತೇನೆ. ಕಿಟಕಿ ಪಕ್ಕದ ಹುಡುಗ, ವಾರದಿಂದ ತುಟಿ ಬಿಚ್ಚದವನು, ಆನೆಯ ಸೊಂಡಿಲ ಒಳಗೆ ಉರಿ, ನೀರು ಎಳೆಯೋಕಾಗಲ್ಲ ಎಂದ. ಡಾಕ್ಟರಮ್ಮ ಟಾರ್ಚ್ ಬಿಟ್ಟು ನೋಡಿದರೆ ಗಂಟಲ ತನಕ ಹುಣ್ಣು. ಅಂದಿನಿಂದ ವಾರ್ಡಿನಲ್ಲಿ ನನಗೆ ಕೂರಲು ಕುರ್ಚಿ ಸಿಗುತ್ತಿದೆ.

ಮೇಲಿನ ಮಹಡಿಯಿಂದ ಹೊಸಬಳೊಬ್ಬಳು ಬಂದಿದ್ದಾಳೆ. ಒಂಬತ್ತು ವರ್ಷ. ಎಲ್ಲರೂ ಚೂಟಿ ಎನ್ನುತ್ತಾರೆ. ಸಿಂಹ, ಹುಲಿ, ಜಿರಾಫೆ ಎಲ್ಲ ಬುಕ್ ಆಗಿವೆ ಎಂದೆ.

"ಕತ್ತೆ?"

"ಕತ್ತೆ ಯಾರಿಗೂ ಬೇಡ. ಪೂರ್ತಿ ಖಾಲಿ ಇದೆ."

"ಹಾಗಾದ್ರೆ ನಂಗೆ ಕತ್ತೆ ಇರ್ಲಿ."

ಅವಳಪ್ಪ ಬಸ್ ಡ್ರೈವರ್. ರಜೆ ಹಾಕಿ ಮಗಳ ಜೊತೆ ಇದ್ದಾರೆ. "ಮನೇಲಿ ಒಂದಿದೆ ಅಂತ ಇವಳಮ್ಮ ಹೇಳ್ತಿರ್ತಾಳೆ ಸಾರ್" ಎಂದು ತಮ್ಮ ಎದೆ ಮುಟ್ಟಿ ತೋರಿಸಿದರು. ಚೂಟಿ ನಗಲಿಲ್ಲ. "ಅಪ್ಪಾ, ಆ ಜೋಕು ಮೇಲಿನ ಮಹಡೀಲೇ ಹೇಳಾಯ್ತು" ಎಂದಳು.

ಮನೆಗೆ ಬಂದರೆ ಅಕ್ಕನ ಮಂಡಿ. ಏಳುವಾಗ ಹೀಗೆ, ಕೂರುವಾಗ ಹಾಗೆ, ಮೆಟ್ಟಿಲಿಗೆ ಬೇರೆಯೇ ನೋವು. ಅವಳ ಕೈಗೆ ಟ್ಯಾಬ್ ಕೊಟ್ಟರೆ ಇರುವ ಬಣ್ಣ ಸಾಲದು.

ಮಾರ್ಚ್ 7, ಗುರುವಾರ

ಚೂಟಿಗೆ ಗುರುವಾರದ ಔಷಧಿ. ಪ್ರತಿ ವಾರ ರಕ್ತನಾಳಕ್ಕೆ ಏರಿಸುವುದು. ಕೊಡುವ ಮುಂಚೆ ಹೋಗಿ ಕೇಳಿದೆ, ಕತ್ತೆ ಹೇಗಿದೆ?

"ಅದರ ಹಿಂದಿನ ಕಾಲು ನಿದ್ದೆ ಹೋಗಿದೆ. ಕತ್ತೆ ಎದ್ದಿದೆ. ಕಾಲು ಮಾತ್ರ ಎದ್ದಿಲ್ಲ."

ಎಂಥ ಮಾತು. ನಕ್ಕುಬಿಟ್ಟೆ. ಹಳದಿ ಒತ್ತಿದೆ. ಆಮೇಲೆ ಕಥೆ ಮುಂದುವರಿಸಿದೆ — ಕತ್ತೆ ಕುಂಟುತ್ತ ಕುಂಟುತ್ತ ಒಂದು ನೀರಿನ ಊಟೆಯ ಹತ್ತಿರ ಬಂತು, ತಣ್ಣೀರಲ್ಲಿ ಕಾಲಿಟ್ಟಿತು, ಕಾಲಿಗೆ ಥಟ್ಟನೆ ಎಚ್ಚರವಾಯಿತು, ಒದ್ದ ಒದೆತಕ್ಕೆ ಊಟೆಯ ಕಪ್ಪೆ ಆಚೆ ಗುಡ್ಡಕ್ಕೆ ಹೋಗಿ ಬಿತ್ತು. ಚೂಟಿ ನಕ್ಕಳು. ಅವಳಪ್ಪ ಇನ್ನೂ ಜೋರಾಗಿ.

ಕೇಳುವವರನ್ನು ಕಷ್ಟದ ನಡುವೆ ಬಿಟ್ಟು ಏಳಬಾರದು. ಹಳ್ಳಿಯಲ್ಲಿ ಸೋದರತ್ತೆ ಕಲಿಸಿದ್ದು. ಅವಳು ರಾಜಕುಮಾರನನ್ನು ಬಾವಿಗೆ ತಳ್ಳಿದರೆ ಮೇಲೆತ್ತಿ ಒಣಬಟ್ಟೆ ಉಡಿಸುವ ತನಕ ನೀರೂ ಕುಡಿಯುತ್ತಿರಲಿಲ್ಲ. ನಾನೂ ಹಾಗೆಯೇ. ಒಂದು ಹಾಸಿಗೆ ಬಿಡುವ ಮುಂಚೆ ಆ ಹಾಸಿಗೆಯ ಪ್ರಾಣಿಯನ್ನು ಸರಿ ಮಾಡಿಯೇ ಏಳುವುದು.

ಮಾರ್ಚ್ 8

ಕತ್ತೆ ಹೇಗಿದೆ? "ಚೆನ್ನಾಗಿದೆ." ಹಸಿರು.

ಡಾಕ್ಟರಮ್ಮ ದೂರದಿಂದಲೇ ಹೆಬ್ಬೆರಳು ಎತ್ತಿ ತೋರಿಸಿ ಮುಂದಿನ ಹಾಸಿಗೆಗೆ ಹೋದರು. ಖುಷಿ.

ಮಾರ್ಚ್ 12, ಮಂಗಳವಾರ

ತಲೆ ಕೆಟ್ಟಿದೆ. ಜಿರಾಫೆ ಹುಡುಗನಿಗೆ ನಿನ್ನೆ ಕೆಂಪು ಬಂದಿತ್ತು, ಕುತ್ತಿಗೆ ನೋವೆಂದು. ಡಾಕ್ಟರಮ್ಮ ಅವನ ಬಳಿ ಬಹಳ ಹೊತ್ತು ಕೂತರು. ಇವತ್ತು ನೋಡಿದರೆ ಆನೆಗೆ ಕುತ್ತಿಗೆಯೇ ಮುರಿದಿದೆ. ಸಿಂಹಕ್ಕೆ ಜ್ವರ, ಹುಲಿಗೆ ಸಿಂಹಕ್ಕಿಂತ ದೊಡ್ಡ ಜ್ವರ. ಸಿಸ್ಟರ್ ಥರ್ಮಾಮೀಟರ್ ಹಿಡಿದು ಓಡಿದ್ದೇ ಓಡಿದ್ದು. ಸಿಂಹಕ್ಕೆ ಏನೂ ಇಲ್ಲ. ಹುಲಿಗೆ ನಿಜವಾಗಿ ಇತ್ತು.

"ಇವರಲ್ಲಿ ಯಾರನ್ನ ನಂಬ್ಲಿ?" ಸಿಸ್ಟರ್ ಕೇಳಿದರು.

"ಎಲ್ಲರನ್ನೂ ಸ್ವಲ್ಪ ಸ್ವಲ್ಪ" ಎಂದೆ. ಜಾಣನ ಹಾಗೆ. ನನಗೇ ಗೊತ್ತಿಲ್ಲ.

ಗಲಾಟೆಯಿಲ್ಲದವಳು ಚೂಟಿ ಒಬ್ಬಳೇ. ಹಸಿರು, ಹಸಿರು, ಹಸಿರು. ಅವಳಪ್ಪ ಹೊಸ ಚಪ್ಪಲಿ ತಂದಿದ್ದಾರೆ. ಹಳೆಯದು ಜಾರುತ್ತಿತ್ತಂತೆ. "ಮಗು ಸೊರಗಿದೆ ಅಲ್ವಾ ಸಾರ್, ಪಾದಾನೂ ಸಣ್ಣಗಾಗಿದೆ."

ಮಾರ್ಚ್ 18, ಸೋಮವಾರ

ಚೂಟಿ ಬಿದ್ದಳು. ಕಾರಿಡಾರಿನಲ್ಲಿ, ಏನೂ ಇಲ್ಲದ ಕಡೆ, ಒಣ ನೆಲದ ಮೇಲೆ. ಗಲ್ಲಕ್ಕೆ ಹೊಲಿಗೆ.

ಡಾಕ್ಟರಮ್ಮ ಮಂಚದ ತುದಿಯಲ್ಲಿ ಕೂತು, "ಪುಟ್ಟಾ, ಕಾಲಿನ ಬೆರಳೆಲ್ಲ ಮೇಲಕ್ಕೆ ಎತ್ತು" ಎಂದರು. ಚೂಟಿ ಹಲ್ಲು ಕಚ್ಚಿದಳು. ಹುಬ್ಬು ಎರಡೂ ಮೇಲೆ ಹೋದವು. ಬೆರಳು ಹೋಗಲಿಲ್ಲ. ಪಾದ ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿತ್ತು.

ಡ್ರೈವರಪ್ಪ ಹೇಳುತ್ತಲೇ ಇದ್ದರು, "ಚಪ್ಪಲಿ ಜಾರ್ತಿತ್ತು ಮೇಡಂ. ಅಳತೆ ಚಿಕ್ಕದು ತಂದೆ. ಅದೂ ಜಾರ್ತಿತ್ತು. ಹಿಂದೆ ಪಟ್ಟಿ ಇರೋದು ತಂದೆ. ಚಪ್ಪಲಿ ಅಂದ್ಕೊಂಡೆ. ಕಾಲು ಅಂದ್ಕೊಳ್ಳಲಿಲ್ಲ."

ಎಲ್ಲರೂ ಹೋದ ಮೇಲೆ ಕೇಳಿದೆ, ನನಗೆ ಯಾಕೆ ಹೇಳಲಿಲ್ಲ?

"ಹೇಳಿದ್ನಲ್ಲ. ಕಾಲು ನಿದ್ದೆ ಹೋಗಿದೆ ಅಂತ."

"ಮಾರನೇ ದಿನ ಚೆನ್ನಾಗಿದೆ ಅಂದೆಯಲ್ಲ ಮತ್ತೆ."

"ಕತ್ತೆ ಚೆನ್ನಾಗಿತ್ತು. ನೀವೇ ಅಲ್ವಾ ಸರಿ ಮಾಡಿದ್ದು?"

"ನಿಂದು?"

"ನನ್ನ ಕಾಲು ನೀವು ಕೇಳಲೇ ಇಲ್ಲ. ಕತ್ತೇದು ಕೇಳಿದ್ರಿ." ಗಲ್ಲದ ಪಟ್ಟಿ ಮುಟ್ಟಿಕೊಂಡು, "ಕತ್ತೇದು ಒಂದೇ ದಿನಕ್ಕೆ ಸರಿಹೋಯ್ತು, ನಂದು ಹೋಗ್ಲಿಲ್ಲ. ನಾನೇ ಏನೋ ಸರಿಯಾಗಿ ಮಾಡಿಲ್ಲ ಅಂದ್ಕೊಂಡೆ."

ಟ್ಯಾಬ್ ತೆಗೆದು ಹಿಂದಿನ ದಿನಗಳ ಬಣ್ಣಗಳನ್ನು ನೋಡಿದೆ.

ಆ ಹಸಿರುಗಳೆಲ್ಲ ಯಾರವು? ಚೂಟಿಯವಲ್ಲ. ಕತ್ತೆಯವೂ ಅಲ್ಲ. ನನ್ನವು. ಹಿಂದಿನ ದಿನ ನಾನು ಕಟ್ಟಿದ ಸುಖಾಂತವನ್ನೇ ಬೆಳಗ್ಗೆ ಹೋಗಿ ಅವಳ ಬಾಯಿಂದ ಕೇಳಿಕೊಂಡು ಡಾಕ್ಟರಿಗೆ ಕಳಿಸುತ್ತಿದ್ದೆ. ಬೇರೆ ಮಕ್ಕಳದು? ಆನೆಯ ಗಂಟಲು ವಾಸಿಯಾಯಿತೋ, ನಾನು ವಾಸಿ ಮಾಡಿದೆನೋ...

ಮಾರ್ಚ್ 19

ಡಾಕ್ಟರಮ್ಮನ ಕೋಣೆ. ಬೈಯುತ್ತಾರೆ ಎಂದು ಸಿದ್ಧನಾಗಿ ಹೋಗಿದ್ದೆ. ಅವರು ಬೈಯಲಿಲ್ಲ. ಅದು ಇನ್ನೂ ಕಷ್ಟ.

"ನಾನೂ ಹಸಿರು ನೋಡಿ ಮುಂದೆ ಹೋದೆ. ಒಂದು ನಿಮಿಷ ಕಾಲು ಮುಟ್ಟಿ ನೋಡಬೇಕಿತ್ತು" ಎಂದರು. ಆಮೇಲೆ ಬಿಡಿಸಿ ಹೇಳಿದರು. ಗುರುವಾರದ ಔಷಧಿ ಕಾಯಿಲೆಯನ್ನು ಕೊಲ್ಲುತ್ತದೆ, ಜೊತೆಗೆ ಕೈಕಾಲಿನ ನರಗಳನ್ನೂ ಕಚ್ಚುತ್ತದೆ. ಹಾಗೇ ಕೊಡುತ್ತ ಹೋದರೆ ಕಾಲು ಇನ್ನೂ ಸೋಲುತ್ತದೆ. ಕಡಿಮೆ ಮಾಡಿದರೆ ಕಾಯಿಲೆಯ ಮೇಲಿನ ಹಿಡಿತ ಅಷ್ಟು ಸಡಿಲ. ಸುಮ್ಮಸುಮ್ಮನೆ ಕಡಿಮೆ ಮಾಡುವ ಹಾಗಿಲ್ಲ.

"ಬರೀ ಕಾಲಾ, ಕೈಗೂ ಬಂದಿದೆಯಾ, ಯಾವತ್ತಿಂದ — ಇಷ್ಟು ತಿಳೀಬೇಕು. ಗುರುವಾರದ ಒಳಗೆ. ನಾನು ಕೈ ಹಿಡಿ ಅಂದ್ರೆ ಪರೀಕ್ಷೆಗೆ ಓದಿಕೊಂಡು ಬಂದವರ ಹಾಗೆ ಬಿಗಿಯಾಗಿ ಹಿಡೀತಾಳೆ. ನಿಮ್ಮ ಹತ್ರ ಮಾತಾಡ್ತಾಳೆ. ಆದ್ರೆ ನನಗೆ ಕತ್ತೆ ಕೈ ಬೇಡ. ಹುಡುಗಿ ಕೈ ಬೇಕು."

ತಲೆ ಆಡಿಸಿ ಬಂದೆ. ಹೇಗೆ ಕೇಳುವುದು? ಅಲ್ಲಿ ಕೇಳಲಿಲ್ಲ.

ಮಾರ್ಚ್ 20, ಬುಧವಾರ

ಬೆಳಗ್ಗೆ ಪ್ರಾಣಿಗಳಿಗೆಲ್ಲ ರಜೆ ಕೊಟ್ಟೆ. ನೇರವಾಗಿ ಕೇಳಿದೆ, ಎಲ್ಲರನ್ನೂ. ನಿನಗೆ ನೋವಿದೆಯಾ?

ಪರವಾಗಿಲ್ಲ. ಪರವಾಗಿಲ್ಲ. ಪರವಾಗಿಲ್ಲ. ಆನೆ ಹುಡುಗ ಗೋಡೆಗೆ ತಿರುಗಿಕೊಂಡ. ಕಥೆ ಇದ್ದರೆ ಎಲ್ಲ ಹೇಳುತ್ತಾರೆ, ಸುಳ್ಳೂ ಸೇರಿಸಿ. ಕಥೆ ತೆಗೆದರೆ ನಿಜವೂ ಇಲ್ಲ, ಸುಳ್ಳೂ ಇಲ್ಲ. ಏನು ಮಾಡಲಿ.

ಮಧ್ಯಾಹ್ನ ಚೂಟಿಯ ಹತ್ತಿರ ಬರಿಗೈಯಲ್ಲಿ ಹೋದೆ. ಟ್ಯಾಬ್ ಇಲ್ಲದೆ. ಅವಳಪ್ಪ ಊಟಕ್ಕೆ ಹೋಗಿದ್ದರು. ಸುಮ್ಮನೆ ಕೂತೆ. ಅವಳೇ, "ಕತ್ತೆಯ ಮುಂದಿನ ಕಾಲೂ ಮಲಗಿಬಿಟ್ಟಿದೆ" ಎಂದಳು.

ನಾಲಿಗೆಯ ತುದಿಗೆ ಊಟೆ, ಕಪ್ಪೆ ಎಲ್ಲ ಬಂದು ನಿಂತವು. ನುಂಗಿಕೊಂಡೆ. "ಕತ್ತೇದಾ, ನಿಂದಾ?"

ಅಂಗಿಯ ಗುಂಡಿಯನ್ನು ಹಿಡಿಯಲು ಹೋದಳು. ಬೆರಳು ಹಿಡಿಯಲಿಲ್ಲ, ಜಾರಿತು. ಅಷ್ಟೇ ಉತ್ತರ.

"ಆದ್ರೆ ಡಾಕ್ಟರಿಗೆ ಹೇಳ್ಬೇಡಿ ಮಾಮ."

"ಯಾಕೆ?"

"ಔಷಧಿ ಕಮ್ಮಿ ಮಾಡ್ತಾರೆ. ಕಮ್ಮಿ ಮಾಡಿದ್ರೆ ಕಾಯಿಲೆ ವಾಪಸ್ ಬರತ್ತೆ. ಅಪ್ಪಂಗೆ ಹೇಳ್ತಿದ್ದಾಗ ಕೇಳಿಸ್ಕೊಂಡೆ." ತುಂಬ ಯೋಚಿಸಿ ಇಟ್ಟುಕೊಂಡ ಹಾಗೆ ಹೇಳಿದಳು, "ಕಾಲು ಹೋದ್ರೆ ಹೋಗ್ಲಿ. ಕಾಲಿಲ್ದೇನೂ ಸ್ಕೂಲಿಗೆ ಹೋಗ್ಬಹುದು. ಸತ್ತುಹೋದ್ರೆ ಹೋಗೋಕಾಗಲ್ಲ."

ಆಯ್ತು ಎಂದೆ. ಬಾಯಿಂದ ಬಂದುಬಿಟ್ಟಿತು. ಮಕ್ಕಳಿಗೆ ಆಯ್ತು ಎನ್ನುವುದು ಉಸಿರಾಡಿದಷ್ಟು ಅಭ್ಯಾಸ.

ಸಂಜೆ ಅಕ್ಕನಿಗೆ ಹೇಳಿದೆ. ಅಕ್ಕ ಮಂಡಿ ನೀವಿಕೊಳ್ಳುತ್ತ ಕೇಳಿಸಿಕೊಂಡಳು. "ಆಯ್ತು ಅಂದೆಯಾ? ನಿನ್ನ ಬಾಯಿಗಿಷ್ಟು ಗೋಂದು ಹಾಕ. ಲೋ, ನಾನು ಮಂಡಿ ನೋವು ಅಂತ ಬೀದಿಗೆಲ್ಲ ಹೇಳ್ಕೊಂಡು ಬರ್ತೀನಲ್ಲ, ಯಾಕೆ? ಹೇಳಿದ್ರೆ ನಂದೇನೂ ಹೋಗಲ್ಲ. ಆ ಮಗು ಬಾಯಿ ಬಿಟ್ರೆ ಜೀವ ಹೋಗತ್ತೆ ಅಂದ್ಕೊಂಡಿದೆ. ನೀನು ಅದನ್ನ ಹಾಗೇ ಅಂದ್ಕೊಳ್ಳೋಕೆ ಬಿಟ್ಟು ಬಂದಿದ್ದೀಯ."

"ಹೇಳಿದ್ರೆ ಮಾತು ಮುರಿದ ಹಾಗೆ."

"ಹೇಳದಿದ್ರೆ?"

ಹೇಳಿದ ಮೇಲೆ ಔಷಧಿ ಕಡಿಮೆಯಾಗಿ, ಆ ಕಾಯಿಲೆ ಹಾಳಾದ್ದು ನಿಜವಾಗಿ ತಿರುಗಿ ಬಂದರೆ?

ಮಾರ್ಚ್ 21, ಗುರುವಾರ

ಬೆನ್ನ ಹಿಂದೆ ಹೇಳಬಾರದು ಎನ್ನಿಸಿತು. ಮೊದಲು ಅವಳ ಹತ್ತಿರವೇ ಹೋದೆ. ನಿನ್ನೆ ಆಯ್ತು ಅಂದದ್ದು ತಪ್ಪು, ಇವತ್ತು ಡಾಕ್ಟರಿಗೆ ಹೇಳ್ತೀನಿ ಎಂದೆ.

ಚೂಟಿ ಅಳಲಿಲ್ಲ. "ನೀವು ಹೇಳಿದ್ರೆ ಕತ್ತೆ ಸಾಯತ್ತೆ. ಕತ್ತೆ ನಂದು" ಎಂದಳು.

ಹೇಳಿದೆ.

ಡಾಕ್ಟರಮ್ಮ ಮತ್ತೆ ಬಂದು ಗುಂಡಿ, ಪೆನ್ಸಿಲು, ಚಮಚ ಎಲ್ಲ ಹಿಡಿಸಿ ನೋಡಿದರು. ಬೇರೆ ದೊಡ್ಡ ಡಾಕ್ಟರಿಗೆ ಫೋನ್ ಮಾಡಿದರು. ಇವತ್ತಿನ ಔಷಧಿ ಅರ್ಧಕ್ಕೆ ಇಳಿಯಿತು.

ಹೊರಗೆ ಬೆಂಚಿನ ಮೇಲೆ ಡ್ರೈವರಪ್ಪ. "ನೀವು ಮಾಡಿದ್ದು ಸರಿಯೋ ತಪ್ಪೋ, ನಂಗೆ ಗೊತ್ತಾಗ್ತಿಲ್ಲ ಸಾರ್. ಬ್ರೇಕೂ ಆಕ್ಸಿಲರೇಟರೂ ಒಟ್ಟಿಗೇ ತುಳಿದ ಹಾಗಿದೆ."

ನನಗೂ ಹಾಗೆಯೇ ಎಂದೆ. ಇಬ್ಬರೂ ಕೂತೆವು.

ಮಾರ್ಚ್ 25

ಕತ್ತೆ ಎಲ್ಲಿ?

"ಸತ್ತುಹೋಯ್ತು."

ಅಷ್ಟೇ. ನನ್ನ ಕಡೆ ನೋಡುವುದೂ ಇಲ್ಲ.

ಸತ್ತ ಕತ್ತೆಗೆ ಟ್ಯಾಬಿನಲ್ಲಿ ಬಣ್ಣವಿಲ್ಲ. ಖಾಲಿ ಬಿಟ್ಟೆ. ಡಾಕ್ಟರಮ್ಮನಿಗೆ ಫೋನ್ ಮಾಡಿ ಹೇಳಿದೆ — ನನಗೆ ಗೊತ್ತಿಲ್ಲ, ನೀವೇ ಬಂದು ನೋಡಿ. ಬಂದರು. ಅವರಿಗೂ "ಪರವಾಗಿಲ್ಲ" ಸಿಕ್ಕಿತು.

ಮಾರ್ಚ್ 27, ಬುಧವಾರ

ಪಾದ ಜೋಲದ ಹಾಗೆ ಹಿಡಿದುಕೊಳ್ಳುವ ಪ್ಲಾಸ್ಟಿಕ್ಕಿನ ಪಟ್ಟಿ ಬಂತು. ಬೂಟಿನೊಳಗೆ ಹೋಗುತ್ತದೆ. ನಡೆದಳು, ಪಾದ ನೆಲಕ್ಕೆ ಬಡಿಯುವ ತಪ್ ತಪ್ ಸದ್ದು ಕಡಿಮೆ. ಮುಖ ಮಾತ್ರ ಹಾಗೇ ಬಿಗಿ.

ನನ್ನಿಂದ ಆಗದ್ದನ್ನು ಒಪ್ಪಿಕೊಂಡೆ. ಡಾಕ್ಟರಮ್ಮನ ಬಾಗಿಲಿಗೆ ಹೋಗಿ, ನಿಮ್ಮ ಔಷಧಿ ಲೆಕ್ಕ ಅವಳಿಗೂ ಹೇಳಿ ಮೇಡಂ ಎಂದೆ. ಅವಳು ಅದನ್ನು ಅರ್ಧ ಕೇಳಿಸಿಕೊಂಡಿದ್ದಾಳೆ, ಉಳಿದರ್ಧ ತಾನೇ ಕಟ್ಟಿಕೊಂಡಿದ್ದಾಳೆ.

ಸಂಜೆ ಬಂದರು. ಕುರ್ಚಿ ಬೇಡವೆಂದು ಮಂಚದ ಮೇಲೇ ಕೂತರು.

"ನಿನಗೆ ಕೊಡ್ತಿರೋದು ಒಂದೇ ಔಷಧಿ ಅಲ್ಲ, ನಾಲ್ಕು. ಕಮ್ಮಿ ಮಾಡಿರೋದು ಒಂದನ್ನ. ಉಳಿದವು ಪೂರ್ತಿ ಕೆಲಸ ಮಾಡ್ತಿವೆ."

ಚೂಟಿ ಗೋಡೆಗೆ ಹೇಳಿದಳು, "ಸಾಕಾಗತ್ತಾ?"

ಏನೂ ಆಗಲ್ಲ ಪುಟ್ಟಾ ಎನ್ನುತ್ತಾರೆಂದು ಕಾದೆ. ನಾನಾಗಿದ್ದರೆ ಹಾಗೇ ಎನ್ನುತ್ತಿದ್ದೆ. ಅವರು, "ಸಾಕಾಗತ್ತೆ ಅಂದ್ಕೊಂಡಿದ್ದೀವಿ. ಖಂಡಿತ ಗೊತ್ತಿಲ್ಲ. ರಕ್ತ ನೋಡ್ತಾ ಇರ್ತೀವಿ. ಬೆರಳು ಮರಗಟ್ಟಿದ್ದು, ಕಾಲು ಸೋತದ್ದು ರಕ್ತದಲ್ಲಿ ಕಾಣಲ್ಲ. ಅದು ನಿನಗೊಬ್ಬಳಿಗೇ ಗೊತ್ತು" ಎಂದರು.

"ಹೇಳಿದ್ರೆ ಪೂರ್ತಿ ನಿಲ್ಲಿಸ್ತೀರ."

"ನಿಲ್ಲಿಸಬೇಕು ಅನ್ಸಿದ್ರೆ ಮೊದಲು ನಿನ್ನ ಹತ್ರ ಬಂದು ಹೇಳ್ತೀನಿ. ಹೇಳದೇ ನಿಲ್ಲಿಸಲ್ಲ. ಗೊತ್ತಿಲ್ದೇ ಜಾಸ್ತಿ ಕೊಟ್ಟುಬಿಟ್ರೆ, ಆಗ ನಿಜವಾಗಲೂ ನಿಲ್ಲಿಸಬೇಕಾಗತ್ತೆ."

ಚೂಟಿ ಗೋಡೆ ಬಿಟ್ಟು ಈ ಕಡೆ ತಿರುಗಿದಳು. ಡಾಕ್ಟರಮ್ಮನ ಕಡೆಗೆ. ನನ್ನ ಕಡೆಗಲ್ಲ.

ಮಾರ್ಚ್ 28

ಮತ್ತೆ ಅರ್ಧ ಡೋಸ್. ಚೂಟಿ ಬಾಟಲಿಯನ್ನೇ ನೋಡುತ್ತಿದ್ದಳು, ಕೊನೆಯ ಹನಿ ಇಳಿಯುವ ತನಕ.

ಏಪ್ರಿಲ್ 1, ಸೋಮವಾರ

ಪ್ರಾಣಿಗಳನ್ನು ವಾಪಸ್ ಕರೆಸಿದ್ದೇನೆ. ಈಗ ಬೇರೆ ಪದ್ಧತಿ. ಮಗು ಹೇಳಿದಲ್ಲಿಗೇ ಕಥೆ ನಿಲ್ಲಬೇಕು. ನಾನು ಏನನ್ನೂ ವಾಸಿ ಮಾಡುವ ಹಾಗಿಲ್ಲ. ಕೊನೆಗೊಂದು ಪ್ರಶ್ನೆ, "ಇದರಲ್ಲಿ ನಿಂದೆಷ್ಟು?"

ಆನೆ ಹುಡುಗನ ಆನೆ ಕೆಸರಲ್ಲಿ ಸಿಕ್ಕಿದೆ. ಸುಸ್ತು, ಏಳಕ್ಕಾಗುತ್ತಿಲ್ಲ. "ಮಾಮ, ಎತ್ತಿ ಅದನ್ನ" ಎಂದ.

"ಎತ್ತೋಕೆ ಡಾಕ್ಟರಮ್ಮ ಬರ್ತಾರೆ. ನಾನು ಪಕ್ಕದಲ್ಲಿ ಕೂತಿರ್ತೀನಿ."

"ಮುಂಚೆ ನೀವೇ ಎತ್ತುತ್ತಿದ್ರಿ."

ಹೌದಪ್ಪ. ಎತ್ತುತ್ತಿದ್ದೆ. ಕೆಸರಲ್ಲಿ ಆನೆಯನ್ನು ಬಿಟ್ಟು ಬಂದ ಕಥೆಗಾರನನ್ನು ನಮ್ಮ ಸೋದರತ್ತೆ ಮನೆಯೊಳಗೆ ಸೇರಿಸುತ್ತಿರಲಿಲ್ಲ. ಒಬ್ಬ ತಾಯಿ, ನಿಮ್ಮ ಕಥೆ ಯಾಕೋ ಈಗ ರುಚಿ ಇಲ್ಲ ಎಂದರು. ಡಾಕ್ಟರಮ್ಮ ರಕ್ತ ಪರೀಕ್ಷೆ ನೋಡಿ ಆನೆ ಹುಡುಗನಿಗೆ ರಕ್ತ ಏರಿಸಿದರು. ಸುಸ್ತು ಪೂರ್ತಿ ಅವನದೇ ಆಗಿತ್ತು. ಹಾಗಾದರೆ ಇದೇ ಸರಿಯಾ? ಸರಿಯಾದದ್ದು ಇಷ್ಟು ಸಪ್ಪೆಯಾಗಿರುತ್ತದಾ?

ಚೂಟಿಯ ಹಾಸಿಗೆಯ ಹತ್ತಿರ ಎರಡು ನಿಮಿಷ ನಿಂತೆ. ಕೇಳಲಿಲ್ಲ. ಅವಳೂ ಹೋಗಿ ಎನ್ನಲಿಲ್ಲ.

ಏಪ್ರಿಲ್ 4, ಗುರುವಾರ. ವಾರ್ಡಿನ ಹೊರಗೆ, ಬೆಂಚಿನ ಮೇಲೆ

ಕೈಯಲ್ಲಿದ್ದ ಡೈರಿಯಲ್ಲಿ ಇಲ್ಲೇ ಬರೆಯುತ್ತಿದ್ದೇನೆ. ಬೇರೆ ಕೆಲಸ ಇಲ್ಲ. ಹೊರಗೆ ಹಾಕಿದ್ದಾರೆ.

ಔಷಧಿ ಕೊಡುವ ಮುಂಚಿನ ರೌಂಡ್. ಡಾಕ್ಟರಮ್ಮ ಬಂದರು, ನಾನು ಟ್ಯಾಬ್ ಹಿಡಿದು ಹಿಂದೆ. ಬೆರಳು ಹೇಗಿದೆ ಎಂದು ಅವರು ಕೇಳಿದರು. ಚೂಟಿ ಗುಂಡಿ ಹಾಕಿ ತೋರಿಸಿದಳು. ಎರಡು ಸಲ ಜಾರಿತು, ಮೂರನೇ ಸಲ ಹಿಡಿಯಿತು. ಹಾಗೇ ಇದೆ, ಹೆಚ್ಚಾಗಿಲ್ಲ ಎಂದಳು. ಕಾಲೂ ಹಾಗೇ. ಡಾಕ್ಟರಮ್ಮ ಏಳಲು ಹೊರಟರು.

"ಇನ್ನೊಂದಿದೆ" ಎಂದಳು.

ಎಲ್ಲರೂ ನಿಂತೆವು. ಚೂಟಿ ಅಪ್ಪನನ್ನು ನೋಡಿದಳು, ನನ್ನನ್ನು ನೋಡಿದಳು. ಬಹಳ ದಿನಗಳ ಮೇಲೆ ನನ್ನನ್ನು.

ನಾನು ಮುಂದೆ ಬಾಗಿ, ಹಳೇ ಚಾಳಿ, "ಕತ್ತೆಗೆ ಏನಾದ್ರೂ..." ಎಂದೆ.

"ಕತ್ತೆ ಸತ್ತಿದೆ ಮಾಮ. ಎಷ್ಟು ಸಲ ಹೇಳೋದು?" ಸಿಟ್ಟಿನಿಂದಲ್ಲ. ಮನೆಯವರಿಗೆ ಹೇಳುವ ಹಾಗೆ. "ಇದು ನಂದು. ನಾಚಿಕೆ ಆಗೋ ಅಂಥದ್ದು. ನೀವೂ ಅಪ್ಪಾನೂ ಹೊರಗೆ ಹೋಗಿ. ನಾನು ಡಾಕ್ಟರಿಗೇ ಹೇಳ್ತೀನಿ."

ಡ್ರೈವರಪ್ಪ, "ನಂಗೂ ಹೇಳಲ್ವಾ?" ಎಂದರು.

"ಅಪ್ಪಾ. ಹೋಗಿ."

ಡಾಕ್ಟರಮ್ಮ ಪರದೆ ಎಳೆದುಕೊಂಡರು. ಸಿಸ್ಟರ್ ನಮ್ಮಿಬ್ಬರನ್ನೂ ದನ ಅಟ್ಟುವ ಹಾಗೆ ಬಾಗಿಲಾಚೆ ಅಟ್ಟಿದರು. ಡ್ರೈವರಪ್ಪ ಪಕ್ಕದಲ್ಲಿ ಕೂತು ಬಾಗಿಲನ್ನೇ ನೋಡುತ್ತಿದ್ದಾರೆ. "ಹೊಸದೇನೋ ಶುರುವಾಗಿದೆ ಸಾರ್" ಎಂದರು. ಹೌದು, ಶುರುವಾಗಿದೆ. ಅದಕ್ಕೆ ಎದೆ ಹೊಡೆದುಕೊಳ್ಳುತ್ತಿದೆ. ಅವಳೇ ಬಾಯಿಬಿಟ್ಟು ಹೇಳುತ್ತಿದ್ದಾಳೆ. ಅದಕ್ಕೂ ಹೊಡೆದುಕೊಳ್ಳುತ್ತಿದೆ. ಯಾವುದು ಯಾವುದಕ್ಕೆ, ಬಿಡಿಸಲು ಬರುತ್ತಿಲ್ಲ.

ಒಳಗಿನಿಂದ ಅವಳ ದನಿ. ಸಣ್ಣಗೆ, ನಿಲ್ಲದೆ. ಮಧ್ಯೆ ಡಾಕ್ಟರಮ್ಮನದು ಒಂದೋ ಎರಡೋ ಮಾತು, ಮತ್ತೆ ಅವಳದೇ. ಏನು ಹೇಳುತ್ತಿದ್ದಾಳೋ ಇಲ್ಲಿಗೆ ಸರಿಯಾಗಿ ಕೇಳಿಸುತ್ತಿಲ್ಲ. ಕೇಳಬೇಕಾದವರು ಅವಳ ಪಕ್ಕದಲ್ಲೇ ಇದ್ದಾರೆ.